ನಮ್ಮ ಬಾಲಿಕೆಯರ ಗೀತಚಿತ್ರ: ಯಾರನ್ನು, ಹೇಗೆ ತೋರಿಸತಕ್ಕದ್ದು?

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹಾಡಿನ ಅಭ್ಯಾಸದ ಸಾಯಂಕಾಲಗಳನ್ನು ಮರೆತವರು ಯಾರೂ ಇರಲಾರರು. ವಾರ್ಷಿಕೋತ್ಸವವು ಇನ್ನೊಂದು ತಿಂಗಳಿದೆ ಎನ್ನುವಾಗ, ಶಾಲೆಯ ಕಡೆಯ ಗಂಟೆ ಹೊಡೆದ ಮೇಲೆ, ದೊಡ್ಡ ಹಜಾರದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಸುತ್ತಲೂ ಕೂತು ಕೀರ್ತನೆಗಳನ್ನೂ ನಾಡಿನ ಪದಗಳನ್ನೂ ಕಲಿತವರೇ ಈಗ ತಾಯಂದಿರಾಗಿ ತಮ್ಮ ಹೆಣ್ಣುಮಕ್ಕಳನ್ನು ಅದೇ ಹಜಾರಕ್ಕೆ ಕಳುಹಿಸುತ್ತಿದ್ದಾರೆ. ಹಾಡು ಅದೇ ಆದರೂ ಅದು ತಲಪುವ ದೂರವು ಮಾತ್ರ ಬದಲಾಗಿದೆ. ಆಗ ನಮ್ಮ ದನಿಯು ಹಜಾರದ ಕಿಟಕಿಗಳನ್ನು ದಾಟಿ ರಸ್ತೆಯವರೆಗೆ ಹೋದರೆ ಹೆಚ್ಚು. ಈಗ ಕೈಯಲ್ಲಿ ಹಿಡಿಯುವ ಫೋನಿನಿಂದ ಹಾಡನ್ನೂ ಹಾಡುವವರ ಮುಖವನ್ನೂ ಒಟ್ಟಿಗೆ ಸೆರೆಹಿಡಿದು, 2005ರಲ್ಲಿ ಆರಂಭವಾದ ಯೂಟ್ಯೂಬಿನಂಥ ಸಾಧನಗಳ ಮೂಲಕ ಲೋಕದ ಯಾವ ಮೂಲೆಗಾದರೂ ಕಳುಹಿಸಬಹುದು.

ಈ ವರ್ಷ ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯರು, ಮಕ್ಕಳು ಮ್ಯೂಸಿಕ್ ವೀಡಿಯೊ ಎಂದು ಕರೆಯುವ ಇಂಥದೊಂದು ಗೀತಚಿತ್ರವನ್ನು ತಾವೇ ರಚಿಸಬೇಕೆಂದು ಅಪೇಕ್ಷಿಸಿದರು. ಈ ಸಂಗತಿಯು ಹೊರಗೆ ತಿಳಿದೊಡನೆ ನಮಗೆ ಎರಡು ಬಗೆಯ ಪತ್ರಗಳು ಬಂದವು. ಗೌರವಸ್ಥರ ಮನೆಯ ಹೆಣ್ಣುಮಕ್ಕಳು ಲೋಕದ ಮುಂದೆ ಕುಣಿದು ತೋರಿಸಿಕೊಳ್ಳುವುದು ತರವೇ, ಇದನ್ನು ಈಗಲೇ ನಿಲ್ಲಿಸಬೇಕು ಎಂಬುದಾಗಿ ಕೆಲವರು ಬರೆದರು. ಮಕ್ಕಳ ಆಟಕ್ಕೆ ಇಷ್ಟೊಂದು ವಿಚಾರವೇಕೆ, ಅವರ ಇಷ್ಟದಂತೆ ಮಾಡಿಕೊಳ್ಳಲಿ ಎಂದು ಮತ್ತೆ ಕೆಲವರು ಬರೆದರು. ಎರಡು ಪಕ್ಷದವರೂ ಶಾಲೆಯ ಹಿತವನ್ನೇ ಬಯಸುವವರೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಎರಡೂ ಅಭಿಪ್ರಾಯಗಳನ್ನು ನಾವು ಒಪ್ಪಲಾರೆವು. ಒಪ್ಪದಿರುವುದಕ್ಕೆ ಕಾರಣವನ್ನು ಹೇಳುವುದಕ್ಕೆ ಮುಂಚೆ, ನಮ್ಮಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ನ್ಯಾಯವೆಂದು ತೋರುತ್ತದೆ.

ಬಾಲಿಕೆಯರು ಮೊದಲು ಬರೆದು ತಂದ ಯೋಜನೆಯ ಹೆಸರು 'ನಾಡಿನ ಹೆಣ್ಣುಮಕ್ಕಳು' ಎಂದಿತ್ತು. ಹಾಡು ಅವರದೇ, ರಾಗವನ್ನೂ ಅವರೇ ಕೂಡಿಸಿದ್ದರು. ಒಂದೊಂದು ನುಡಿಗೆ ಒಂದೊಂದು ದೃಶ್ಯ. ಒಂದರಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರಂತೆ ಕೊರಳ ತುಂಬ ಮಣಿಸರ ಧರಿಸಿ ನಾಲ್ಕು ಮಂದಿ ಕುಣಿಯತಕ್ಕದ್ದು; ಇನ್ನೊಂದರಲ್ಲಿ ಲಂಬಾಣಿಗರ ಕನ್ನಡಿ ಹಚ್ಚಿದ ಉಡುಪು; ಮತ್ತೊಂದರಲ್ಲಿ ಮುಖಕ್ಕೂ ಕೈಗಳಿಗೂ ಮಸಿ ಬಳಿದುಕೊಂಡು ಸಿದ್ದಿಯರ ವೇಷ; ಅದಾದ ಮೇಲೆ ನಗುವಿಗೋಸ್ಕರ, ಸೀರೆಯುಟ್ಟು ಗಂಡುದನಿಯಲ್ಲಿ ಮಾತಾಡುವ ಒಂದು ಪಾತ್ರ; ಕೊನೆಗೆ ಒಲೆಯ ಮುಂದೆ ತಾಯಿ, ಕನ್ನಡಿಯ ಮುಂದೆ ಮಗಳು. ನಡುವೆ ನಿಂತು ಹಾಡತಕ್ಕವಳನ್ನು ಆರಿಸುವಾಗ ತರಗತಿಯಲ್ಲಿ ಬೆಳ್ಳಗಿರುವ ಹುಡುಗಿಯನ್ನೇ ಆರಿಸಿದ್ದರು. ಅವಳಿಗಿಂತ ಚೆನ್ನಾಗಿ ಹಾಡುವವಳು ಕಡೆಯ ಸಾಲಿನಲ್ಲಿದ್ದಳು. ಉಪಾಧ್ಯಾಯಿನಿಯರಾದ ನಾವು ಇದೆಲ್ಲವನ್ನೂ ಓದಿದೆವು; ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿದೆವು; ರುಜು ಹಾಕಿ ಹಿಂದಕ್ಕೆ ಕೊಟ್ಟೆವು. ನಮ್ಮ ಕಣ್ಣಿಗೆ ಬಿದ್ದದ್ದು ಕಾಗುಣಿತವೊಂದೇ.

ಅಭ್ಯಾಸದ ಎರಡನೆಯ ದಿನ ನಮ್ಮ ಬೋರ್ಡಿಂಗಿನಲ್ಲಿರುವ ಒಬ್ಬ ಬಾಲಿಕೆಯು ಹಜಾರಕ್ಕೆ ಬರಲಿಲ್ಲ. ಅವಳು ಹಳಿಯಾಳದ ಕಡೆಯ ಸಿದ್ದಿ ಮನೆತನದವಳು. ಜ್ವರವೇನೋ ಎಂದು ನೋಡಲು ಹೋದರೆ ಅವಳು ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಬಹಳ ಹೊತ್ತು ಕೇಳಿದ ಮೇಲೆ ತಲೆಯೆತ್ತದೆ, "ನಾನು ಅಲ್ಲೇ ಇದ್ದೆನಲ್ಲ, ಅಕ್ಕೋರೆ. ಮಸಿ ಯಾಕೆ ಬೇಕಿತ್ತು?" ಎಂದಳು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಸಾಯಂಕಾಲವೇ ಅಭ್ಯಾಸವನ್ನು ನಿಲ್ಲಿಸಿ, ಬಾಲಿಕೆಯರೊಡನೆ ನಾವೂ ಕೂತು ಮೊದಲಿನಿಂದ ಯೋಚಿಸತೊಡಗಿದೆವು. ಈ ಲೇಖನವು ಹಾಗೆ ಕೂತು ಯೋಚಿಸಿದುದರ ಫಲ.

ಮೊದಲನೆಯದಾಗಿ ಪರರ ಉಡುಪಿನ ಮಾತು. ಸಿದ್ದಿಯರ ಪೂರ್ವಿಕರು ಆಫ್ರಿಕಾ ಖಂಡದವರು. ಅವರಲ್ಲಿ ಬಹುಮಂದಿಯನ್ನು ಪೋರ್ತುಗೀಸರೂ ಇತರ ವರ್ತಕರೂ ಗುಲಾಮರನ್ನಾಗಿ ಹಡಗುಗಳಲ್ಲಿ ಈ ತೀರಕ್ಕೆ ತಂದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡುಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು ಮೊತ್ತಮೊದಲಿಗೆ ನಮ್ಮ ರಾಜ್ಯದ ವಿಧಾನ ಪರಿಷತ್ತಿನಲ್ಲಿ ಆಸನ ಪಡೆದದ್ದು 2020ರಲ್ಲಿ. ಇಷ್ಟು ದೀರ್ಘವಾದ, ಇಷ್ಟು ಕಷ್ಟದ ಚರಿತ್ರೆಯನ್ನು ಹೊತ್ತ ಜನರನ್ನು ಮೂರು ಕ್ಷಣಗಳ ದೃಶ್ಯದಲ್ಲಿ ತೋರಿಸಲು ನಮ್ಮ ಮಕ್ಕಳಿಗೆ ತೋಚಿದ ಗುರುತು ಮೈಬಣ್ಣವೊಂದೇ ಆಯಿತು. ಆ ಬಣ್ಣಕ್ಕಾಗಿ ದಾರಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಪರಿಹಾಸ್ಯವನ್ನು ಸಹಿಸುವವಳು ಆ ಬಾಲಿಕೆಯು. ಅದನ್ನು ಮಸಿಯಾಗಿ ಬಳಿದುಕೊಂಡು ಅರ್ಧ ಗಂಟೆಯಲ್ಲಿ ಸಾಬೂನಿನಿಂದ ತೊಳೆದುಕೊಳ್ಳುವವರು ಉಳಿದವರು. ಇದೇ ಅನ್ಯಾಯ. ಬಳಿದುಕೊಂಡವರ ಮನಸ್ಸಿನಲ್ಲಿ ದ್ವೇಷವಿರಲಿಲ್ಲವೆಂಬುದು ನಿಜ. ಆದರೆ ಅಜಾಗ್ರತೆಯಿಂದ ತಗುಲಿದ ಪೆಟ್ಟಿಗೂ ನೋವು ಉಂಟು.

ಹಾಲಕ್ಕಿಯರ ಮಣಿಸರದ ವಿಷಯವೂ ಹೀಗೆಯೇ. ಸಾವಿರಾರು ಸಸಿಗಳನ್ನು ನೆಟ್ಟು ಸಲಹಿದ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಗೌರವವನ್ನು ಸ್ವೀಕರಿಸಿದಾಗ, ಬರಿಗಾಲಿನಲ್ಲಿ, ತಮ್ಮ ಜನರ ಉಡುಪಿನಲ್ಲಿಯೇ ನಡೆದುಬಂದರು. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೇ ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದುದಲ್ಲದೆ, ತಮ್ಮ ಊರಿನ ಕಡೆ ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದರು. 2017ರಲ್ಲಿ ಅವರಿಗೂ ಪದ್ಮಶ್ರೀ ಗೌರವವು ಸಂದಿತು. ಮೊದಲಿನವರು 2024ರ ಡಿಸೆಂಬರಿನಲ್ಲಿಯೂ ಎರಡನೆಯವರು 2025ರ ಫೆಬ್ರುವರಿಯಲ್ಲಿಯೂ ಕಾಲವಾದರು. ಇವರ ಹೆಸರು ತಿಳಿದ ಮೇಲೆ ಆ ಮಣಿಸರವು ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳುವ ವೇಷದ ಸಾಮಾನಾಗಿ ಉಳಿಯುವುದೇ? ನಮ್ಮ ಬಾಲಿಕೆಯರಿಗೆ ಮಣಿಸರದ ಅಂಗಡಿ ಗೊತ್ತಿತ್ತು; ಈ ಇಬ್ಬರು ಅಜ್ಜಿಯರು ಗೊತ್ತಿರಲಿಲ್ಲ. ಈ ತಪ್ಪು ಬಾಲಿಕೆಯರದಲ್ಲ, ಕಲಿಸದೆ ಬಿಟ್ಟ ನಮ್ಮದು.

ಹಾಗಾದರೆ ಒಬ್ಬರ ಉಡುಪನ್ನು ಮತ್ತೊಬ್ಬರು ಉಡಲೇಬಾರದೋ, ಒಬ್ಬರ ವಾದ್ಯವನ್ನು ಮತ್ತೊಬ್ಬರು ಮುಟ್ಟಲೇಬಾರದೋ ಎಂದು ಕೇಳುವವರುಂಟು. ನಮ್ಮ ಅಭಿಪ್ರಾಯವು ಹಾಗಲ್ಲ. ಡೊಳ್ಳನ್ನು ತೆಗೆದುಕೊಳ್ಳಿರಿ. ಅದು ಹಾಲುಮತದವರು ಬೀರಪ್ಪ ದೇವರ ಸೇವೆಯಲ್ಲಿ ಬಾರಿಸುತ್ತ ಬಂದ ವಾದ್ಯ. ಹಿಂದೆ ಗಂಡಸರೇ ಹೊತ್ತು ಬಾರಿಸುತ್ತಿದ್ದರು. ಈಚಿನ ದಶಕಗಳಲ್ಲಿ ಹೆಂಗಸರ ಡೊಳ್ಳಿನ ಮೇಳಗಳೂ ಎದ್ದು ಊರೂರುಗಳಲ್ಲಿ ಮನ್ನಣೆ ಗಳಿಸಿವೆ. ಗುರುವಿನ ಬಳಿ ಕೂತು, ಹೆಗಲು ನೋಯುವಷ್ಟು ಕಾಲ ಕಲಿತು, ಯಾವ ಪೆಟ್ಟಿಗೆ ಯಾವ ಅರ್ಥವೆಂದು ತಿಳಿದು ಬಾರಿಸುವವರನ್ನು ಯಾರು ತಾನೇ ಆಕ್ಷೇಪಿಸುವರು? ಬೇಕಾದದ್ದು ಮೂರು: ಕೇಳುವುದು, ಕಲಿಯುವುದು, ಕಲಿಸಿದವರ ಹೆಸರನ್ನು ಹೇಳುವುದು. ಇವು ಮೂರೂ ಇದ್ದಲ್ಲಿ ಎರವಲು ತಂದದ್ದೂ ಗೌರವವೇ. ಒಂದೂ ಇಲ್ಲದಲ್ಲಿ ಅದು ಹೇಳದೆ ತೆಗೆದುಕೊಂಡು ಹೋದಂತೆ.

ಈ ವಿಷಯದಲ್ಲಿ ಮಿಶನ್ ಶಾಲೆಯವರಾದ ನಾವು ಇತರರಿಗಿಂತ ಹೆಚ್ಚು ಸೂಕ್ಷ್ಮವಾಗಿರಬೇಕಾದ ಕಾರಣವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಅಮೇರಿಕಗಳ ಮಿಶನ್ ಪತ್ರಿಕೆಗಳಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಚಿತ್ರಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ಬಹಳಷ್ಟು, ನೋಡಿದವರಿಗೆ ಕನಿಕರ ಹುಟ್ಟಿ ಕಾಣಿಕೆ ಕೊಡುವಂತೆ ಆರಿಸಿದವು: ದೀನಳಾದ ಬಾಲೆ, ಮುಸುಕಿನೊಳಗಿನ ವಿಧವೆ, ಕೈಯೊಡ್ಡಿದ ಅನಾಥೆ. ಆ ಕಾಣಿಕೆಗಳಿಂದ ಶಾಲೆಗಳು ಎದ್ದವೆಂಬುದು ಸತ್ಯ. ಆ ಋಣವನ್ನು ನಾವು ಮರೆಯುವವರಲ್ಲ. ಆದರೆ ಚಿತ್ರದಲ್ಲಿದ್ದ ಬಾಲೆಯನ್ನು, "ಅಮ್ಮಾ, ನಿನ್ನನ್ನು ಹೀಗೆ ತೋರಿಸಬಹುದೇ?" ಎಂದು ಕೇಳಿದವರು ಅಪರೂಪ. 1927ರಲ್ಲಿ ಅಮೇರಿಕದ ಕ್ಯಾಥರೀನ್ ಮೇಯೋ ಎಂಬಾಕೆಯು 'ಮದರ್ ಇಂಡಿಯಾ' ಎಂಬ ಪುಸ್ತಕವನ್ನು ಬರೆದು ಈ ದೇಶದ ಸ್ತ್ರೀಯರ ದುಃಸ್ಥಿತಿಯನ್ನು ಲೋಕಕ್ಕೆ ಸಾರಿದಾಗ ದೇಶವೆಲ್ಲ ಕೆರಳಿತು. ಆಕೆ ಹೇಳಿದ ಕಷ್ಟಗಳಲ್ಲಿ ಕೆಲವು ಇದ್ದುವೇ, ಬಾಲ್ಯವಿವಾಹವು ಇತ್ತು. ಆದರೆ ಇಡೀ ಜನಾಂಗವನ್ನು ಅದರ ಹುಣ್ಣಿನಿಂದಲೇ ಗುರುತಿಸಿದ್ದು, ಅದನ್ನು ವಾಸಿಮಾಡಲು ಇಲ್ಲಿಯವರೇ ಹೆಣಗುತ್ತಿದ್ದುದನ್ನು ಬದಿಗೆ ಸರಿಸಿದ್ದು ಜನರ ಮನಸ್ಸನ್ನು ನೋಯಿಸಿತು.

ಇದು ಹಳೆಯ ಕಾಲದ ಮಾತೆಂದು ತಿಳಿಯಬೇಕಾಗಿಲ್ಲ. 2016ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಗಾಯಕರ ತಂಡವು ಮುಂಬಯಿಯಲ್ಲಿ ಚಿತ್ರಿಸಿದ ಒಂದು ಗೀತಚಿತ್ರವನ್ನು ಹೊರತಂದಿತು. ಅದರಲ್ಲಿ ಕಾವಿಯುಟ್ಟ ಸಾಧುಗಳು, ಬಣ್ಣವೆರಚುವ ಬಡಮಕ್ಕಳು, ಹಳೆಯ ಕಟ್ಟಡಗಳು; ಅವುಗಳ ನಡುವೆ ಅಮೇರಿಕದ ಗಾಯಕಿ ಬಿಯಾನ್ಸೆಯವರು ಹಿಂದಿ ಚಲಚ್ಚಿತ್ರದ ನಟಿಯ ವೇಷದಲ್ಲಿ. ಚಿತ್ರವು ಚೆಲುವಾಗಿಯೇ ಇತ್ತು, ಹಾಡು ಜನಪ್ರಿಯವೂ ಆಯಿತು. ಆದರೆ ಭಾರತವೆಂದರೆ ಹೋಳಿಯೂ ಸಾಧುಗಳೂ ಮಾತ್ರವೇ ಎಂದು ನಮ್ಮ ದೇಶದವರೂ ಪರದೇಶದಲ್ಲಿರುವ ನಮ್ಮವರೂ ಆಕ್ಷೇಪಿಸಿದರು. ಪರದೇಶದವರು ನಮ್ಮನ್ನು ಹೀಗೆ ತೋರಿಸಿದಾಗ ನೊಂದುಕೊಳ್ಳುವ ನಾವು, ನಮ್ಮ ಕಾಡಿನವರನ್ನೂ ತಾಂಡಾದವರನ್ನೂ ಅದೇ ರೀತಿಯಲ್ಲಿ ತೋರಿಸಿದರೆ, ನಮ್ಮ ನೋವಿಗೆ ಬೆಲೆಯೆಲ್ಲಿ ಉಳಿಯಿತು?

ಒಳ್ಳೆಯ ಮಾದರಿಯೂ ನಮ್ಮ ಮಿಶನಿನ ಚರಿತ್ರೆಯಲ್ಲಿಯೇ ಇದೆ. 1853ರಲ್ಲಿ ಬಾಸೆಲ್ ಮಿಶನಿನವರಾಗಿ ಈ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರು, ಕ್ರಿಸ್ತನ ಚರಿತ್ರೆಯನ್ನು ಜರ್ಮನಿಯ ರಾಗದಲ್ಲಿ ಹಾಡಿಸಿ ತೃಪ್ತರಾಗಲಿಲ್ಲ. ಈ ನಾಡಿನವರ ಹಾಡುಗಬ್ಬವನ್ನು ಕಿವಿಗೊಟ್ಟು ಕೇಳಿ, ಛಂದಸ್ಸನ್ನು ಅಭ್ಯಾಸಮಾಡಿ, 1862ರಲ್ಲಿ 'ಕಥಾಮಾಲೆ'ಯನ್ನು ಕನ್ನಡದ ಪದ್ಯಜಾತಿಗಳಲ್ಲಿ ಬರೆದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. 1894ರಲ್ಲಿ ಅವರ ದೊಡ್ಡ ನಿಘಂಟು ಹೊರಬಂದಿತು. ಅವರು ಕನ್ನಡದ ವೇಷವನ್ನು ಹಾಕಲಿಲ್ಲ, ಕನ್ನಡವನ್ನು ಕಲಿತರು. ನಮ್ಮ ಬಾಲಿಕೆಯರಿಗೆ ನಾವು ಹೇಳಬೇಕಾದದ್ದೂ ಇಷ್ಟೇ.

ಇನ್ನು ಎರಡನೆಯ ವಿಷಯ: ಗೀತಚಿತ್ರದಲ್ಲಿ ಹೆಣ್ಣನ್ನು ತೋರಿಸುವ ರೀತಿ. ಹುಡುಗಿಯರು ಮೀಸೆ ಹಚ್ಚಿ ರೈತನ, ಪೋಲೀಸಿನವನ ಪಾತ್ರ ಮಾಡುವುದನ್ನು ಇಬ್ಬರು ಮೂವರು ಪೋಷಕರು ಆಕ್ಷೇಪಿಸಿದ್ದಾರೆ. ಅವರು ದಯವಿಟ್ಟು ಸ್ವಲ್ಪ ಹಿಂದಿನದನ್ನು ನೆನೆಯಬೇಕೆಂದು ಬೇಡುತ್ತೇವೆ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣು ದೊರೆಯದೆ ಸಾಳುಂಕೆ ಎಂಬ ಯುವಕನಿಂದ ಅದನ್ನು ಮಾಡಿಸಿದರು. ಅದೇ ಯುವಕನು 1917ರ 'ಲಂಕಾ ದಹನ'ದಲ್ಲಿ ರಾಮನೂ ಆದನು, ಸೀತೆಯೂ ಆದನು. ನಮ್ಮ ಯಕ್ಷಗಾನದ ಮೇಳಗಳಲ್ಲಿ ಸ್ತ್ರೀವೇಷವನ್ನು ಗಂಡಸರೇ ಧರಿಸುತ್ತ ಬಂದದ್ದನ್ನು ರಾತ್ರಿಯೆಲ್ಲ ಕೂತು ನೋಡಿ ಮೆಚ್ಚಿದವರು ನಾವೇ. 1934ರಲ್ಲಿ ಕನ್ನಡದ ಮೊದಲನೆಯ ವಾಕ್ಚಿತ್ರ 'ಸತೀ ಸುಲೋಚನಾ' ಬರುವ ಹೊತ್ತಿಗೆ ಸುಲೋಚನೆಯಾಗಿ ತ್ರಿಪುರಾಂಬಾ ಅವರು ಎದುರಿಗೆ ಬಂದರು. 1958ರಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರೇ ನಡೆಸುವ ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿ, ತಾವೇ ಕಂಸನಾಗಿ, ದುರ್ಯೋಧನನಾಗಿ ರಂಗವನ್ನು ನಡುಗಿಸಿದರು. 2012ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಗಂಡು ಸೀರೆಯುಟ್ಟರೆ ಕಲೆಯೆನ್ನುವವರು ಹೆಣ್ಣು ಮೀಸೆ ಹಚ್ಚಿದರೆ ಕೆಟ್ಟಳೆನ್ನುವುದು ಯಾವ ತಕ್ಕಡಿ?

ಆದುದರಿಂದ ಮೀಸೆಯ ಬಗ್ಗೆ ನಮಗೆ ಚಿಂತೆಯಿಲ್ಲ. ಚಿಂತೆಯು ಒಲೆಯ ದೃಶ್ಯದ್ದು. ಅಡಿಗೆಯು ಹೀನವಾದ ಕೆಲಸವೆಂದು ನಾವು ಹೇಳುವವರಲ್ಲ. ಅದು ಮನೆಯ ಜೀವ. ಆದರೆ ನಮ್ಮ ಬಾಲಿಕೆಯರ ತಾಯಂದಿರಲ್ಲಿ ಹೊಲ ಮಾಡುವವರಿದ್ದಾರೆ, ದಾದಿಯರಿದ್ದಾರೆ, ಟಪಾಲು ಕಚೇರಿಯಲ್ಲಿ ಕೂತವರಿದ್ದಾರೆ, ಬಸ್ಸಿನ ನಿರ್ವಾಹಕಿಯಿದ್ದಾಳೆ, ಕೈಯಲ್ಲಿ ಕೂಸನ್ನು ಹಿಡಿದು ಸಂತೆಯಲ್ಲಿ ಕೂತು ತರಕಾರಿ ಮಾರುವವರಿದ್ದಾರೆ. ಇವರೆಲ್ಲರನ್ನೂ ದಿನವೂ ನೋಡುವ ಮಕ್ಕಳು ಚಿತ್ರ ತೆಗೆಯಲು ಕೂತಾಗ ಇವರನ್ನು ಮರೆತು, ಒಲೆ ಮತ್ತು ಕನ್ನಡಿ ಎರಡನ್ನೇ ಬರೆದರಲ್ಲಾ, ಏಕೆ? ಅವರು ನೋಡಿದ ನೂರಾರು ಗೀತಚಿತ್ರಗಳಲ್ಲಿ ಹೆಣ್ಣಿಗೆ ಕೊಟ್ಟ ಸ್ಥಳವು ಅದೇ ಆದುದರಿಂದ. ಕಣ್ಣಿನಿಂದ ಕಂಡದ್ದಕ್ಕಿಂತಲೂ ಪರದೆಯ ಮೇಲೆ ಕಂಡದ್ದೇ ನಿಜವೆಂದು ತೋರುವಷ್ಟು ಬಲವು ಆ ಚಿತ್ರಗಳಿಗಿದೆ. ಮಕ್ಕಳ ಕೈಗೆ ಕ್ಯಾಮರಾ ಕೊಡಬೇಕೆಂದು ನಾವು ಹೇಳುವುದಕ್ಕೆ ಇದೇ ಕಾರಣ. ಚಿತ್ರವನ್ನು ತಾವೇ ಮಾಡಿದವರಿಗೆ ಚಿತ್ರವು ಮಾಡಿದ್ದೆಂಬುದು ತಿಳಿಯುತ್ತದೆ. ಬರಿದೆ ನೋಡುವವರಿಗೆ ತಿಳಿಯುವುದಿಲ್ಲ.

ಗೀತಚಿತ್ರದಿಂದ ಒಳ್ಳೆಯದೂ ಆಗಬಹುದೆಂಬುದಕ್ಕೆ ಒಂದು ನಿದರ್ಶನ. 2000ದ ಸುಮಾರಿಗೆ 'ಮನ್ ಕೆ ಮಂಜೀರೆ' ಎಂಬ ಹಿಂದಿ ಗೀತಚಿತ್ರವೊಂದು ಬಂದಿತು. ಹಾಡಿದವರು ಶುಭಾ ಮುದ್ಗಲ್ ಅವರು. ಅದರಲ್ಲಿ ಮೀತಾ ವಸಿಷ್ಠ ಎಂಬ ನಟಿಯು ಲಾರಿಯನ್ನು ನಡೆಸುವ ಹೆಂಗಸಿನ ಪಾತ್ರದಲ್ಲಿ ಕಾಣುತ್ತಾರೆ. ಹಿಂಸೆಯ ಮನೆಯನ್ನು ಬಿಟ್ಟು ಹೊರಟ ಆ ಹೆಂಗಸು ಅಳುತ್ತ ಕೂರುವುದಿಲ್ಲ. ಚಕ್ರ ಹಿಡಿದು ದಾರಿಯನ್ನು ನೋಡುತ್ತಾಳೆ. ಉಪದೇಶದ ಒಂದು ಮಾತೂ ಇಲ್ಲದೆ ಅದು ಹೇಳಬೇಕಾದುದನ್ನು ಹೇಳಿತು. ಅಮೇರಿಕದಲ್ಲಿ 1985ರಲ್ಲಿ ಆಲಿಸನ್ ಬೆಕ್ಡೆಲ್ ಎಂಬ ಚಿತ್ರಕಾರ್ತಿಯು ತನ್ನ ಹಾಸ್ಯಚಿತ್ರದಲ್ಲಿ ಚಲಚ್ಚಿತ್ರಗಳಿಗೊಂದು ಸುಲಭವಾದ ಅಳತೆಯನ್ನು ಹೇಳಿಸಿದರು: ಇಬ್ಬರು ಹೆಂಗಸರಾದರೂ ಅದರಲ್ಲಿ ಇರಬೇಕು, ಅವರು ಒಬ್ಬರೊಡನೊಬ್ಬರು ಮಾತಾಡಬೇಕು, ಆ ಮಾತು ಗಂಡಸಿನ ವಿಷಯವನ್ನು ಬಿಟ್ಟು ಬೇರೆ ಏನಾದರೂ ಆಗಿರಬೇಕು. ಇಷ್ಟು ಚಿಕ್ಕ ಅಳತೆಗೂ ನಿಲುಕದ ಚಿತ್ರಗಳು ಎಷ್ಟಿವೆಯೆಂಬುದನ್ನು ಓದುಗರು ತಾವು ಈಚೆಗೆ ನೋಡಿದವುಗಳನ್ನು ನೆನೆದು ತಾವೇ ತಿಳಿಯಬಹುದು.

ನಗುವಿಗೋಸ್ಕರ ಇಟ್ಟ, ಸೀರೆಯುಟ್ಟು ಗಂಡುದನಿಯಲ್ಲಿ ಮಾತಾಡುವ ಪಾತ್ರದ ಬಗ್ಗೆಯೂ ಒಂದು ಮಾತು. ವೇಷಾಂತರದಿಂದ ಹುಟ್ಟುವ ಹಾಸ್ಯ ಬೇರೆ. ಒಂದು ಬಗೆಯ ಮನುಷ್ಯರನ್ನೇ ಹಾಸ್ಯವಾಗಿ ಮಾಡುವುದು ಬೇರೆ. ಜೋಗತಿಯರ ನೃತ್ಯವನ್ನು ಬಾಳಿನ ಉಸಿರಾಗಿ ಮಾಡಿಕೊಂಡ ಮಂಜಮ್ಮ ಜೋಗತಿಯವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರು. ಮನೆಯವರಿಂದಲೂ ಊರವರಿಂದಲೂ ಬಹಳ ಕಷ್ಟವನ್ನುಂಡವರು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಪಡೆದರು. ಇದನ್ನು ಬಾಲಿಕೆಯರಿಗೆ ಓದಿ ಹೇಳಿದಾಗ, ಆ ದೃಶ್ಯವನ್ನು ಬರೆದವಳೇ ಎದ್ದು ಬಂದು ಕಾಗದದಿಂದ ಆ ಭಾಗವನ್ನು ಹೊಡೆದುಹಾಕಿದಳು. ನಾವು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಈಗ ಆಕ್ಷೇಪಣೆಗಳಿಗೆ ಬರೋಣ. ಇಷ್ಟು ತಪ್ಪುಗಳು ನುಸುಳುವುದಾದರೆ ಗೀತಚಿತ್ರವೇ ಬೇಡವೆನ್ನುವುದು ಲೇಸಲ್ಲವೇ ಎಂದು ಹಿರಿಯರು ಕೇಳಬಹುದು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಜಾಣತನವಲ್ಲ. ನಮ್ಮ ಶಾಲೆಯಲ್ಲಿ ಬೇಡವೆಂದರೆ ಮಕ್ಕಳು ಮನೆಯ ಮಾಳಿಗೆಯ ಮೇಲೆ, ಯಾರೂ ನೋಡದ ಕಡೆ ಮಾಡುವರು, ಅಲ್ಲಿ ತಿದ್ದುವವರಿರುವುದಿಲ್ಲ. ಆ ಬೋರ್ಡಿಂಗಿನ ಬಾಲಿಕೆಯ ನೋವಾದರೂ ಗೀತಚಿತ್ರದಿಂದ ಹುಟ್ಟಿದ್ದಲ್ಲ. ಒಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಅವಳ ವಿಷಯವನ್ನು ಏನೂ ತಿಳಿಯದೆ ಇದ್ದುದರಿಂದ ಹುಟ್ಟಿದ್ದು. ಗೀತಚಿತ್ರವು ಅದನ್ನು ಹೊರಗೆ ತಂದಿತು, ಅಷ್ಟೆ.

ಇಷ್ಟೊಂದು ಎಚ್ಚರಿಕೆಯಿಂದ ಹೆಜ್ಜೆಯಿಟ್ಟರೆ ಹಾಡಿನ ಸಂತೋಷವು ಸತ್ತುಹೋಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವುಂಟು. ಪ್ರತಿ ದೃಶ್ಯವನ್ನೂ ನ್ಯಾಯಾಲಯದ ಮುಂದಿಟ್ಟಂತೆ ವಿಚಾರಿಸಿದರೆ ಮಕ್ಕಳ ಕಾಲುಗಳು ಕಟ್ಟಿಹೋಗುವುವು. ಅದು ಕಾರಣ ನಾವು ಉದ್ದವಾದ ನಿಯಮಾವಳಿಯನ್ನು ಬರೆಯದೆ ಒಂದೇ ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡಿದ್ದೇವೆ. ಚಿತ್ರದಲ್ಲಿ ಯಾರನ್ನು ತೋರಿಸಿದ್ದೇವೆಯೋ ಅವರು ನಮ್ಮ ಹಜಾರದ ಮುಂದಿನ ಬೆಂಚಿನಲ್ಲಿ ಕೂತು ಅದನ್ನು ನೋಡುತ್ತಿರುವರೆಂದು ಭಾವಿಸಿಕೊಳ್ಳತಕ್ಕದ್ದು. ಆಗ ಯಾವ ದೃಶ್ಯದಲ್ಲಿ ನಾವು ತಲೆ ತಗ್ಗಿಸುವೆವೋ ಆ ದೃಶ್ಯವನ್ನು ತೆಗೆದುಹಾಕತಕ್ಕದ್ದು. ಸಾಧ್ಯವಿದ್ದಲ್ಲಿ ಭಾವಿಸಿಕೊಳ್ಳುವುದರಲ್ಲಿ ನಿಲ್ಲದೆ, ನಿಜವಾಗಿಯೇ ಅವರನ್ನು ಕರೆದು ಕೂರಿಸತಕ್ಕದ್ದು.

ಇದರ ಸಂಗಡ ಎರಡು ಮೂರು ಚಿಕ್ಕ ಏರ್ಪಾಡುಗಳು. ಹಾಡಿದವರ ಹೆಸರಿನೊಡನೆ ಹಾಡನ್ನು ಕಟ್ಟಿದವರ, ಕುಣಿತವನ್ನು ಕಲಿಸಿದವರ, ಉಡುಪನ್ನು ಹೊಲಿದವರ ಹೆಸರನ್ನೂ ಕೊನೆಯಲ್ಲಿ ಕಾಣಿಸುವುದು. 2021ರಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಎಂಬ ಗೀತಚಿತ್ರವು ಬಹು ಪ್ರಸಿದ್ಧವಾಯಿತು. ಚಹದ ತೋಟಗಳಲ್ಲಿ ದುಡಿದ ತನ್ನ ಅಜ್ಜಿಯಂಥವರ ಬಾಳನ್ನು ಹಾಡಾಗಿ ಬರೆದವರು ಅರಿವು ಎಂಬ ಕವಿ. ಅದೇ ವರ್ಷ ಒಂದು ಸಂಗೀತಪತ್ರಿಕೆಯು ಆ ಹಾಡನ್ನು ಕುರಿತ ಮುಖಪುಟದಲ್ಲಿ ಅವರ ಚಿತ್ರವನ್ನೇ ಬಿಟ್ಟಿತೆಂದು ದೊಡ್ಡ ಗದ್ದಲವಾಯಿತು. ಬೆವರು ಸುರಿಸಿದವರನ್ನು ಬಿಟ್ಟು ಬೆಳಕಿನಲ್ಲಿ ನಿಂತವರನ್ನು ಮಾತ್ರ ಹೊಗಳುವ ಚಾಳಿಯು ನಮ್ಮ ಮಕ್ಕಳಿಗೆ ಅಂಟಬಾರದು.

ಇನ್ನೊಂದು, ಪೋಷಕರ ಅನುಮತಿ. 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ನಾವು ತಂದೆತಾಯಿಗಳನ್ನು ಕೇಳುವುದಲ್ಲದೆ ಬಾಲಿಕೆಯನ್ನೂ ಕೇಳುವೆವು. ಮೊದಲು ಒಪ್ಪಿ ಆಮೇಲೆ ಒಲ್ಲೆನೆಂದವಳನ್ನು ಯಾರೂ ಪೀಡಿಸತಕ್ಕದ್ದಲ್ಲ. ಒಂದು ಸಲ ಲೋಕಕ್ಕೆ ಬಿಟ್ಟ ಚಿತ್ರವನ್ನು ಮತ್ತೆ ಮಡಿಸಿ ಪೆಟ್ಟಿಗೆಯೊಳಗೆ ಇಡಲಾಗದು; ಆದ್ದರಿಂದ ಬಿಡುವ ಮುನ್ನವೇ ಬಾಗಿಲಲ್ಲಿ ನಿಂತು ಯೋಚಿಸಬೇಕು.

ಎರಡನೆಯ ಯೋಜನೆಯು ಈಗ ಸಿದ್ಧವಾಗಿದೆ. ಅದರಲ್ಲಿ ನಾಡಿನ ಹೆಣ್ಣುಮಕ್ಕಳೆಲ್ಲರೂ ಇಲ್ಲ. ನಮ್ಮ ತರಗತಿಯ ಮೂವತ್ತೆಂಟು ಮಂದಿ ಮಾತ್ರ ಇದ್ದಾರೆ. ಒಬ್ಬೊಬ್ಬಳೂ ತನ್ನ ಮನೆಯಿಂದ ಒಂದು ಕೆಲಸವನ್ನು, ಒಂದು ದನಿಯನ್ನು ತರುವಳು: ಕೂರಿಗೆಯ ಹಿಂದೆ ನಡೆಯುವ ಅವ್ವ, ಹೊಲಿಗೆಯ ಯಂತ್ರದ ಸದ್ದು, ಆಸ್ಪತ್ರೆಯ ರಾತ್ರಿ ಪಾಳಿಗೆ ಹೊರಟ ಅಕ್ಕ, ತಾಂಡಾದ ಆಯಿಯು ಕನ್ನಡಿ ಕೂರಿಸಿ ಹಾಕುವ ಹೊಲಿಗೆ. ಚೆನ್ನಾಗಿ ಹಾಡುವವಳು ಕಡೆಯ ಸಾಲಿನಿಂದ ನಡುವಿಗೆ ಬಂದಿದ್ದಾಳೆ. ಮೊದಲು ನಡುವೆ ನಿಂತಿದ್ದವಳು ಸ್ವಲ್ಪ ಮುಖ ಸಣ್ಣದು ಮಾಡಿದಳು. ಈಗ ಡೊಳ್ಳು ಕಲಿಯುತ್ತಿದ್ದಾಳೆ, ಕೈ ಬೊಬ್ಬೆಯೆದ್ದುದನ್ನು ಎಲ್ಲರಿಗೂ ತೋರಿಸುತ್ತಾಳೆ.

ಬೋರ್ಡಿಂಗಿನ ಆ ಬಾಲಿಕೆಯ ಅಜ್ಜಿಯು ಹಳಿಯಾಳದ ಕಡೆಯಿಂದ ಬಂದು ಎರಡು ದಿನ ನಮ್ಮೊಡನಿದ್ದರು. ದಮಾಮಿ ಎಂಬ ತಮ್ಮ ಚರ್ಮವಾದ್ಯದ ವಿಷಯ ಹೇಳಿದರು. ಒಂದು ಹಾಡನ್ನು ಮಕ್ಕಳಿಗೆ ಕಲಿಸಿದರು. ಇನ್ನೊಂದನ್ನು ಬಾಲಿಕೆಯರು ಬಹಳ ಮೆಚ್ಚಿ ಬೇಡಿದರೂ, ಅದು ಹಿರಿಯರ ಮುಂದೆ ಹಾಡುವ ಹಾಡು, ಫೋನಿಗೆ ಹಾಡುವುದಲ್ಲ ಎಂದು ಕೊಡಲಿಲ್ಲ. ನಾವು ಒತ್ತಾಯಿಸಲಿಲ್ಲ. ಕೊಟ್ಟದ್ದನ್ನು ಕೃತಜ್ಞತೆಯಿಂದ ತೆಗೆದುಕೊಳ್ಳುವುದು ಎಷ್ಟು ಮುಖ್ಯವೋ ಕೊಡದಿದ್ದುದನ್ನು ಬಿಟ್ಟುಬಿಡುವುದೂ ಅಷ್ಟೇ ಮುಖ್ಯವೆಂಬ ಪಾಠವು ಮಕ್ಕಳಿಗೂ ನಮಗೂ ಆಯಿತು. ಮೊಮ್ಮಗಳು ಮಾತ್ರ ಕುಣಿಯಲೊಲ್ಲೆನೆಂದಳು. ಹಾಗಾದರೆ ಏನು ಮಾಡುವೆಯಮ್ಮಾ ಎಂದು ಕೇಳಿದೆವು. ಕ್ಯಾಮರಾ ಹಿಡಿಯುವೆನೆಂದಳು. ಈಗ ಅವಳು ಹೇಳಿದ ಕಡೆಗೆ ಮೂವತ್ತೇಳು ಮಂದಿಯೂ ಸರಿಯುತ್ತಾರೆ.

ಮಕ್ಕಳನ್ನು ಇದರಿಂದ ಬಿಡಿಸಿಕೊಳ್ಳಬೇಕೆಂದಿರುವ ಪೋಷಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಮಳೆಗಾಲದ ರಜೆಯ ಮುಂಚಿನ ಶನಿವಾರ ಸಾಯಂಕಾಲ ಚಿತ್ರವನ್ನು ಮೊದಲು ನಮ್ಮ ಹಜಾರದಲ್ಲಿಯೇ ತೋರಿಸುವೆವು. ಅಲ್ಲಿ ಒಪ್ಪಿಗೆಯಾಗುವ ತನಕ ಹೊರಗೆ ಬಿಡುವುದಿಲ್ಲ. ತಾವೆಲ್ಲರೂ ದಯಮಾಡಿ ಬರಬೇಕು. ಹಳೆಯ ವಿದ್ಯಾರ್ಥಿನಿಯರೂ ಬರಬೇಕು. ಆಯಿ, ಅವ್ವ, ಅಜ್ಜಿಯರಿಗೆ ಮುಂದಿನ ಬೆಂಚುಗಳನ್ನು ಕಾದಿರಿಸಿದ್ದೇವೆ. ನೋಡಿ ಸಂತೋಷವಾದರೆ ಮಕ್ಕಳ ಬೆನ್ನು ತಟ್ಟಿರಿ. ತಲೆ ತಗ್ಗಿಸುವಂಥದು ಕಂಡರೆ ಅಲ್ಲಿಯೇ ಹೇಳಿರಿ. ಮೊದಲನೆಯ ಸಲ ಕಾಗುಣಿತವನ್ನು ಮಾತ್ರ ನೋಡಿದ ನಾವು, ಈ ಸಲ ಕೇಳಿಸಿಕೊಳ್ಳಲು ಸಿದ್ಧರಾಗಿ ಬಾಗಿಲಲ್ಲಿ ನಿಂತಿರುವೆವು.